ಹಿಮಶಿಖರಕ್ಕೆ ದಿನಗಳ ಲೆಕ್ಕ

ಮಂಗಳೂರಿನ ಕುಲಶೇಖರದಲ್ಲಿ, ಕಾರ್ಕಳದತ್ತ ಸಾಗುವ ಹೆದ್ದಾರಿಯ ಬದಿಯಲ್ಲಿ ಬಸ್ಸಿಗಾಗಿ ಕಾದು ನಿಂತ ವಿದ್ಯಾರ್ಥಿಯೊಬ್ಬನ ಬರಿಯ ಅಂಗೈಯ ಮೇಲೆ ಎಷ್ಟು ಭಾರವಿದೆ? ಕೈಯಲ್ಲಿ ಪುಸ್ತಕವೂ ಇಲ್ಲದಿರುವಾಗ ಭಾರವೆಲ್ಲಿಂದ ಬರಬೇಕು ಎಂದು ಅವನು ಕೇಳಿಯಾನು. ಭೌತವಿಜ್ಞಾನದ ಉತ್ತರ ಬೇರೆ. ಅಂಗೈಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ತೂಕದ ಗಾಳಿಯ ಕಂಬ ನಿಂತಿದೆ. ಕೆಳಗಿನಿಂದಲೂ ಅಷ್ಟೇ ಒತ್ತಡ ಇರುವುದರಿಂದ ಅದು ನಮ್ಮ ಅನುಭವಕ್ಕೆ ಬರುವುದಿಲ್ಲ. ಕಡಲಿನ ಮಟ್ಟಕ್ಕಿಂತ ಹೆಚ್ಚೇನೂ ಎತ್ತರವಲ್ಲದ ಈ ಮುರಕಲ್ಲಿನ ದಿಬ್ಬದ ಮೇಲೆ ಹುಟ್ಟಿ ಬೆಳೆದವನ ಶ್ವಾಸಕೋಶ, ಹೃದಯ, ರಕ್ತ ಎಲ್ಲವೂ ಈ ದಟ್ಟವಾದ ಗಾಳಿಗೆ ಒಗ್ಗಿಕೊಂಡಿವೆ.

ಇಂಥ ಊರಿನಿಂದ ಹೊರಟು, ಮಾರ್ಗದರ್ಶಿಯ ನೆರವಿನಿಂದ, ಆರು ಸಾವಿರ ಮೀಟರಿಗೂ ಮಿಕ್ಕಿದ ಹಿಮಶಿಖರವೊಂದನ್ನು ಏರಬೇಕೆಂಬ ಹಂಬಲ ಈಗ ನಮ್ಮ ವಿದ್ಯಾರ್ಥಿಗಳಲ್ಲಿಯೂ ಕಾಣಬರುತ್ತಿದೆ. ಹಂಬಲ ಮೆಚ್ಚತಕ್ಕದ್ದೇ. ಆದರೆ ಸಿದ್ಧತೆಯ ಮಾತು ಬಂದಾಗ ಬೂಟು, ಹಗ್ಗ, ಹಣ ಇವುಗಳ ಪಟ್ಟಿಯೇ ಮೊದಲು ಹೊರಬರುತ್ತದೆ. ದಿನಗಳ ಪಟ್ಟಿ ಕೊನೆಗೆ ಉಳಿಯುತ್ತದೆ, ಅದರಲ್ಲೂ ಉಳಿತಾಯಕ್ಕಾಗಿ ಒಂದೆರಡು ದಿನ ಕತ್ತರಿಸಲ್ಪಡುತ್ತವೆ. ಈ ಕ್ರಮ ತಲೆಕೆಳಗಾದುದು. ಎತ್ತರದ ಆರೋಹಣದಲ್ಲಿ ಮುಖ್ಯ ಸಲಕರಣೆಯೆಂದರೆ ದಿನಗಳೇ. ಹಾಗೇಕೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಚಾರಣ ಶಿಖರವೆಂದರೇನು?

ಎವರೆಸ್ಟಿನಂಥ ಮಹಾಶಿಖರಗಳನ್ನು ಏರಲು ದೊಡ್ಡ ತಂಡ, ಹಲವು ಶಿಬಿರಗಳು, ತಿಂಗಳುಗಟ್ಟಲೆ ಕಾಲ ಇವೆಲ್ಲ ಬೇಕು. ಅಷ್ಟು ಸಿದ್ಧತೆಯಿಲ್ಲದೆ, ನೋಂದಾಯಿತ ಸಂಸ್ಥೆಯ ಮಾರ್ಗದರ್ಶಿಯೊಡನೆ ಹೋಗಿಬರಬಹುದಾದ ಕೆಲವು ಶಿಖರಗಳನ್ನು ನೇಪಾಳ ದೇಶವು ಪ್ರತ್ಯೇಕವಾಗಿ ಗುರುತಿಸಿದೆ. ಇವುಗಳಿಗೆ ಚಾರಣ ಶಿಖರಗಳೆಂದು ಹೆಸರು. ಅನುಮತಿಪತ್ರ ನೀಡುವ ಕೆಲಸವನ್ನು 1973ರಲ್ಲಿ ಸ್ಥಾಪಿತವಾದ ನೇಪಾಳ ಪರ್ವತಾರೋಹಣ ಸಂಘ ನೋಡಿಕೊಳ್ಳುತ್ತದೆ. ‘ಚಾರಣ’ ಎಂಬ ಮಾತಿಗೆ ಮರುಳಾಗಬಾರದು. ಇವುಗಳಲ್ಲಿ ಕೆಲವು ಸುಲಭ, ಕೆಲವು ನುರಿತವರಿಗೂ ಕಠಿನ.

ನಮ್ಮ ಉದಾಹರಣೆಗಾಗಿ ಎವರೆಸ್ಟಿನ ದಕ್ಷಿಣಕ್ಕಿರುವ ಇಮ್ಜಾ ತ್ಸೆ ಎಂಬ ಶಿಖರವನ್ನು ಆರಿಸಿಕೊಳ್ಳೋಣ. ಇದರ ಎತ್ತರ ಸುಮಾರು 6,160 ಮೀಟರು. ಸುತ್ತಲೂ ಹಿಮನದಿಗಳು ಹರಡಿರಲು, ಕಡಲ ನಡುವಿನ ದ್ವೀಪದಂತೆ ಕಾಣುವುದರಿಂದ ಬ್ರಿಟಿಷ್ ಆರೋಹಿಗಳು ಇದನ್ನು ಐಲೆಂಡ್ ಪೀಕ್ ಎಂದು ಕರೆದರು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟಿನ ತುದಿ ಮುಟ್ಟುವುದಕ್ಕೆ ಮೊದಲು, ಅವರ ತಂಡದವರು ಅಭ್ಯಾಸಕ್ಕಾಗಿ ಬಳಸಿದ ಪರ್ವತಗಳಲ್ಲಿ ಇದೂ ಒಂದು. ಅಂಥ ನಿಪುಣರೂ ದೊಡ್ಡ ಶಿಖರಕ್ಕೆ ಕೈಹಾಕುವ ಮುನ್ನ ವಾರಗಳ ಕಾಲ ಸಣ್ಣ ಶಿಖರಗಳಲ್ಲಿ ತಿರುಗಾಡಿದರೆಂಬುದನ್ನು ನೆನಪಿನಲ್ಲಿಡಬೇಕು.

ಗಾಳಿ ತೆಳುವಾಗುವ ಬಗೆ

ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಕಡಮೆಯಾಗುವುದೆಂದು ತೋರಿಸಿಕೊಟ್ಟದ್ದೂ ಒಂದು ಬೆಟ್ಟದ ಆರೋಹಣವೇ. ಫ್ರಾನ್ಸಿನ ವಿಜ್ಞಾನಿ ಪಾಸ್ಕಲನ ಸೂಚನೆಯಂತೆ ಅವನ ಭಾವನಾದ ಪೆರಿಯೆ ಎಂಬಾತನು 1648ರ ಸೆಪ್ಟೆಂಬರ್ 19ರಂದು ಪ್ಯುಯಿ ದ ದೋಮ್ ಎಂಬ ಬೆಟ್ಟಕ್ಕೆ ಪಾದರಸದ ನಳಿಗೆಯನ್ನು ಹೊತ್ತುಕೊಂಡು ಹೋದನು. ಅಂಥದೇ ಇನ್ನೊಂದು ನಳಿಗೆಯನ್ನು ಬೆಟ್ಟದ ಬುಡದಲ್ಲಿಟ್ಟು, ಅದನ್ನು ದಿನವಿಡೀ ಗಮನಿಸಲು ಒಬ್ಬರನ್ನು ನೇಮಿಸಿದ್ದನು. ಕೆಳಗಿನ ಪಾದರಸ ಇದ್ದಲ್ಲಿಯೇ ಇತ್ತು. ಮೇಲಿನದು ಸುಮಾರು 8 ಸೆಂಟಿಮೀಟರು ಇಳಿದಿತ್ತು. ಬೆಟ್ಟದ ತುದಿಯಲ್ಲಿ ನಿಂತವನ ತಲೆಯ ಮೇಲೆ ಗಾಳಿಯ ಕಂಬ ಅಷ್ಟು ಗಿಡ್ಡದಾಗಿದೆ ಎಂಬುದೇ ಇದರ ತಾತ್ಪರ್ಯ.

ಈ ಇಳಿತವನ್ನು ನಮ್ಮ ದಾರಿಗೆ ಅನ್ವಯಿಸೋಣ. ಕುಲಶೇಖರದಲ್ಲಿ ಪಾದರಸದ ಎತ್ತರ ಸುಮಾರು 760 ಮಿಲಿಮೀಟರು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಮೇಲೆ, ಎಂದರೆ 1,930 ಮೀಟರಿನಲ್ಲಿ, ಅದು ಸುಮಾರು 600. ಎವರೆಸ್ಟಿನ ದಾರಿಯಲ್ಲಿರುವ ನಾಮ್ಚೆ ಬಜಾರಿನಲ್ಲಿ, 3,440 ಮೀಟರಿಗೆ, ಸುಮಾರು 500. ಇಮ್ಜಾ ತ್ಸೆಯ ತಳಶಿಬಿರದಲ್ಲಿ, 5,090 ಮೀಟರಿಗೆ, ಸುಮಾರು 400. ತುದಿಯಲ್ಲಿ ಸುಮಾರು 345. ಇವು ಪ್ರಮಾಣೀಕೃತ ವಾಯುಮಂಡಲದ ಸೂತ್ರದಿಂದ ಬಂದ ಅಂಕಿಗಳು. ಹವೆಗೆ ತಕ್ಕಂತೆ ತುಸು ವ್ಯತ್ಯಾಸವಾಗುತ್ತವೆ. ಹಿಮಾಲಯವು ಧ್ರುವಗಳಿಗಿಂತ ಭೂಮಧ್ಯರೇಖೆಗೆ ಸಮೀಪ. ಆ ಅಕ್ಷಾಂಶದ ಮೇಲಣ ವಾಯುಮಂಡಲ ಬೆಚ್ಚಗಿದ್ದು ಉಬ್ಬಿಕೊಂಡಿರುವುದರಿಂದ ನಿಜವಾದ ಒತ್ತಡ ಸೂತ್ರ ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. 1981ರ ಅಕ್ಟೋಬರಿನಲ್ಲಿ ಕ್ರಿಸ್ಟೋಫರ್ ಪಿಜ್ಜೋ ಎಂಬ ವೈದ್ಯರು ಎವರೆಸ್ಟಿನ ತುದಿಯಲ್ಲಿ ನಿಂತು ಅಳೆದಾಗ 253 ಮಿಲಿಮೀಟರು ದೊರೆಯಿತು. ಸೂತ್ರದ ಪ್ರಕಾರ ಅದು 236 ಆಗಬೇಕಿತ್ತು.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ನೋಡಿದರೂ ನೂರಕ್ಕೆ ಇಪ್ಪತ್ತೊಂದು. ಮೇಲೆ ಹೋದಂತೆ ಪಾಲು ಬದಲಾಗುವುದಿಲ್ಲ. ಒಟ್ಟು ಮೊತ್ತವೇ ಕುಗ್ಗುತ್ತದೆ. ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕಗಳು ಹಲವೊಮ್ಮೆ ಬಿಟ್ಟುಬಿಡುತ್ತವೆ. ಮೂಗಿನಿಂದ ಒಳಹೊಕ್ಕ ಗಾಳಿ ಶ್ವಾಸನಾಳದಲ್ಲಿ ಸಂಪೂರ್ಣ ತೇವಗೊಳ್ಳುತ್ತದೆ. ದೇಹದ ಉಷ್ಣತೆಯಲ್ಲಿ ನೀರಾವಿಯ ಒತ್ತಡ 47 ಮಿಲಿಮೀಟರು. ಇದು ಕಡಲ ತೀರದಲ್ಲಿಯೂ ಹಿಮಶಿಖರದಲ್ಲಿಯೂ ಒಂದೇ. ಆದುದರಿಂದ ಈ 47ನ್ನು ಮೊದಲು ಕಳೆದು, ಉಳಿದುದರಲ್ಲಿ ಆಮ್ಲಜನಕದ ಪಾಲನ್ನು ಲೆಕ್ಕಹಾಕಬೇಕು. ಕುಲಶೇಖರದಲ್ಲಿ 760ರಿಂದ 47 ಕಳೆದರೆ 713; ಅದರ ನೂರಕ್ಕೆ ಇಪ್ಪತ್ತೊಂದು ಎಂದರೆ ಸುಮಾರು 150. ತಳಶಿಬಿರದಲ್ಲಿ 400ರಿಂದ 47 ಕಳೆದರೆ 353. ಅದರಲ್ಲಿ ಆಮ್ಲಜನಕದ ಪಾಲು 74. ಒಟ್ಟು ಒತ್ತಡ ಇನ್ನೂ ಅರ್ಧಕ್ಕಿಂತ ಮೇಲಿದ್ದರೂ, ಉಸಿರಿಗೆ ದೊರೆಯುವ ಆಮ್ಲಜನಕ ಆಗಲೇ ಅರ್ಧಕ್ಕೆ ಇಳಿದಿದೆ. ತುದಿಯಲ್ಲಿ ಅದು 63ಕ್ಕೆ ಇಳಿಯುತ್ತದೆ. ಇಷ್ಟರಲ್ಲಿಯೇ ನೀರ್ಗಲ್ಲಿನ ಗೋಡೆಯನ್ನು ಹತ್ತಬೇಕು.

ಮೂತ್ರಪಿಂಡಗಳ ಕೆಲಸ

ಆಮ್ಲಜನಕ ಕಡಮೆಯಾದೊಡನೆ ದೇಹ ಸುಮ್ಮನಿರುವುದಿಲ್ಲ. ಉಸಿರಾಟ ಆಳವಾಗುತ್ತದೆ, ನಾಡಿ ವೇಗವಾಗುತ್ತದೆ. ಆದರೆ ಹೆಚ್ಚು ಉಸಿರಾಡಿದಂತೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡು ಹೊರಹೋಗಿ, ರಕ್ತ ಕ್ಷಾರದತ್ತ ವಾಲುತ್ತದೆ. ಅದನ್ನರಿತ ಮೆದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಈ ಕಡಿವಾಣ ಸಡಿಲಬೇಕಾದರೆ ಮೂತ್ರಪಿಂಡಗಳು ಹೆಚ್ಚಾದ ಕ್ಷಾರವನ್ನು ಮೂತ್ರದ ಮೂಲಕ ಹೊರಹಾಕಬೇಕು. ಇದು ಗಂಟೆಗಳ ಕೆಲಸವಲ್ಲ, ದಿನಗಳ ಕೆಲಸ. ರಕ್ತದಲ್ಲಿ ಕೆಂಪು ಕಣಗಳು ಹೆಚ್ಚಲು ವಾರಗಳೇ ಬೇಕು. ಕಾಲಿನ ಸ್ನಾಯುಗಳು ಎಷ್ಟೇ ಗಟ್ಟಿಯಾಗಿದ್ದರೂ ಮೂತ್ರಪಿಂಡಗಳು ಆತುರಪಡುವುದಿಲ್ಲ. ಎತ್ತರದ ಕಾಯಿಲೆಗೆ ಯೌವನವಾಗಲಿ ಕಸರತ್ತಾಗಲಿ ರಕ್ಷೆಯಲ್ಲ. ಬಲಿಷ್ಠನಾದ ಯುವಕನು ವೇಗವಾಗಿ ಏರುವುದರಿಂದ ಅಪಾಯವನ್ನು ತಾನೇ ಹೆಚ್ಚಿಸಿಕೊಳ್ಳುವುದೂ ಉಂಟು.

ಇದಕ್ಕೆ ನಮ್ಮ ದೇಶದಲ್ಲಿಯೇ ದೊಡ್ಡ ಸಾಕ್ಷ್ಯವಿದೆ. 1962ರ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಸೈನಿಕರನ್ನು ಅವಸರದಿಂದ ಹಿಮಾಲಯದ ಎತ್ತರಗಳಿಗೆ ಸಾಗಿಸಬೇಕಾಯಿತು. ಆ ಕಾಲದ ಅನುಭವವನ್ನು ಆಧರಿಸಿ, ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿ ವೈದ್ಯರು 1,925 ಸೈನಿಕರಲ್ಲಿ ಕಂಡ ಪರ್ವತವ್ಯಾಧಿಯ ಲಕ್ಷಣಗಳನ್ನು 1969ರಲ್ಲಿ ಪ್ರಕಟಿಸಿದರು. ಈ ವಿಷಯದಲ್ಲಿ ಅದು ಇಂದಿಗೂ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಲೇಖನ. ಅವರೆಲ್ಲರೂ ಸೈನಿಕರೇ ಆಗಿದ್ದರೆಂಬುದನ್ನು ಗಮನಿಸಬೇಕು.

ವ್ಯಾಧಿಯ ಮೊದಲ ಹಂತದಲ್ಲಿ ತಲೆನೋವು, ವಾಕರಿಕೆ, ನಿತ್ರಾಣ, ನಿದ್ರೆಗೇಡು ಕಾಣಿಸಿಕೊಳ್ಳುತ್ತವೆ. ಆ ಎತ್ತರದಲ್ಲಿಯೇ ನಿಂತು ವಿಶ್ರಮಿಸಿದರೆ ಸಾಮಾನ್ಯವಾಗಿ ಇವು ಶಮನವಾಗುತ್ತವೆ. ಲಕ್ಷ್ಯಮಾಡದೆ ಮೇಲೇರಿದರೆ ಎರಡು ಘೋರ ರೂಪಗಳಿವೆ. ಒಂದರಲ್ಲಿ ಶ್ವಾಸಕೋಶದೊಳಗೆ ದ್ರವ ತುಂಬುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು ಇದರ ಗುರುತು. ಇನ್ನೊಂದರಲ್ಲಿ ಮೆದುಳು ಊದಿಕೊಳ್ಳುತ್ತದೆ. ಮಾತು ತೊದಲುತ್ತದೆ, ನಡಿಗೆ ತೂರಾಡುತ್ತದೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಯಲಾಗದವನನ್ನು ಆ ಕ್ಷಣವೇ ಕೆಳಕ್ಕೆ ಇಳಿಸಬೇಕು, ರಾತ್ರಿಯಾದರೂ ಸರಿ, ಮಳೆಯಾದರೂ ಸರಿ. ಬೆಳಗಾಗಲೆಂದು ಕಾದರೆ ಪ್ರಾಣಕ್ಕೇ ಸಂಚಕಾರ. ಔಷಧ, ಆಮ್ಲಜನಕದ ಸಿಲಿಂಡರು ಇವು ಇಳಿಯುವುದಕ್ಕೆ ನೆರವು. ಇಳಿಯುವುದಕ್ಕೆ ಬದಲಿ ಅಲ್ಲ.

ಊರಿನ ಬೆಟ್ಟಗಳು ಕಲಿಸುವುದೇನು?

ಹಾಗಾದರೆ ಕುಲಶೇಖರದಲ್ಲಿ ಕುಳಿತು ಮಾಡಬಹುದಾದ ಸಿದ್ಧತೆಯೇ ಇಲ್ಲವೆ? ಧಾರಾಳವಾಗಿದೆ. ಪಶ್ಚಿಮ ಘಟ್ಟಗಳು ನಮ್ಮ ಮನೆಯ ಹಿತ್ತಲಿನಲ್ಲಿಯೇ ಇದ್ದಂತೆ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರಿನ ಕುಮಾರಪರ್ವತವನ್ನು ಏರುವ ದಾರಿಯಲ್ಲಿ ಸುಮಾರು 1,600 ಮೀಟರಿನಷ್ಟು ನೆಟ್ಟಗೆ ಮೇಲೇರಬೇಕು. ಇಮ್ಜಾ ತ್ಸೆಯ ತಳಶಿಬಿರದಿಂದ ತುದಿಗಿರುವ ಏರು ಸುಮಾರು 1,070 ಮೀಟರು ಮಾತ್ರ. ಎಂದರೆ ಏರಿನ ಅಳತೆಯಲ್ಲಿ ನಮ್ಮ ಕುಮಾರಪರ್ವತವೇ ಮಿಗಿಲು! ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆನ್ನಿಗೆ ಹತ್ತು ಕಿಲೋಗ್ರಾಂ ಹೊರೆ ಕಟ್ಟಿಕೊಂಡು, ಕುಮಾರಪರ್ವತ, ಕುದುರೆಮುಖಗಳನ್ನು ಹಲವು ಬಾರಿ ಏರಿಳಿದವನ ಕಾಲು, ಹೃದಯ, ಬೂಟು ಮೂರೂ ಹದಕ್ಕೆ ಬರುತ್ತವೆ. ತನ್ನ ಗತಿ ಗಂಟೆಗೆ ಎಷ್ಟು ಮೀಟರು ಎಂಬುದೂ ತಿಳಿಯುತ್ತದೆ. ಈ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆದರೆ ಕುಮಾರಪರ್ವತದ ತುದಿಯಲ್ಲಿಯೂ ಉಸಿರಿಗೆ ದೊರೆಯುವ ಆಮ್ಲಜನಕ ಕಡಲತೀರದ ಐದರಲ್ಲಿ ನಾಲ್ಕು ಪಾಲಿನಷ್ಟಿರುತ್ತದೆ. ಎತ್ತರಕ್ಕೆ ಹೊಂದಿಕೊಳ್ಳುವ ಪಾಠವನ್ನು ದಕ್ಷಿಣದ ಬೆಟ್ಟಗಳು ಕಲಿಸಲಾರವು. ಹಾಗೆಯೇ ಹಿಮದ ಮೇಲೆ ನಡೆಯುವ ಪಾಠವನ್ನೂ. ಅದಕ್ಕಾಗಿ 1954ರಲ್ಲಿ ಸ್ಥಾಪಿತವಾದ ದಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆ, 1965ರಲ್ಲಿ ಸ್ಥಾಪಿತವಾದ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ ಇವು ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಶಿಕ್ಷಣ ನೀಡುತ್ತವೆ. ನಮ್ಮ ರಾಜ್ಯದಲ್ಲಿಯೇ ಕೊಡಗಿನ ವೀರ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಇದೆ.

ದಿನಗಳ ಪಟ್ಟಿ

ಪರ್ವತವೈದ್ಯರು ಒಪ್ಪಿರುವ ಸೂತ್ರ ಸರಳ. 3,000 ಮೀಟರಿನ ಮೇಲೆ, ಮಲಗುವ ಸ್ಥಳದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದೇ ಸ್ಥಳದಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲು ಎತ್ತರಕ್ಕೆ ಹೋಗಿ, ಇರುಳು ತಗ್ಗಿನಲ್ಲಿ ಮಲಗುವುದು ಲೇಸು. ಈ ಸೂತ್ರದಂತೆ ಕಠ್ಮಂಡುವಿನಿಂದ ಮುಂದಿನ ಒಂದು ಪಟ್ಟಿಯನ್ನು ಇಲ್ಲಿ ಕೊಟ್ಟಿದೆ. ಅಂಕಿಗಳು ಮಲಗುವ ಸ್ಥಳದ ಸುಮಾರು ಎತ್ತರವನ್ನು ಮೀಟರುಗಳಲ್ಲಿ ಸೂಚಿಸುತ್ತವೆ.

1ನೆಯ ದಿನ: ವಿಮಾನದಲ್ಲಿ ಲುಕ್ಲಾ, ಅಲ್ಲಿಂದ ನಡೆದು ಫಾಕ್ಡಿಂಗ್ – 2,610
2 ಮತ್ತು 3ನೆಯ ದಿನ: ನಾಮ್ಚೆ ಬಜಾರ್ – 3,440
4ನೆಯ ದಿನ: ತೆಂಗ್‌ಬೋಚೆ – 3,860
5 ಮತ್ತು 6ನೆಯ ದಿನ: ದಿಂಗ್‌ಬೋಚೆ – 4,410
7 ಮತ್ತು 8ನೆಯ ದಿನ: ಲೊಬುಚೆ – 4,940
9ನೆಯ ದಿನ: ಇಳಿದು ದಿಂಗ್‌ಬೋಚೆ – 4,410
10ನೆಯ ದಿನ: ಚುಕುಂಗ್ – 4,730
11 ಮತ್ತು 12ನೆಯ ದಿನ: ತಳಶಿಬಿರ, ಹಗ್ಗದ ಅಭ್ಯಾಸ – 5,090
13ನೆಯ ದಿನ: ಶಿಖರ, ಇಳಿದು ಚುಕುಂಗ್ – 4,730
14 ಮತ್ತು 15ನೆಯ ದಿನ: ಕಾದಿರಿಸಿದ ದಿನಗಳು
16ರಿಂದ 18ನೆಯ ದಿನ: ಲುಕ್ಲಾಕ್ಕೆ ಮರಳುವುದು

ಓದುಗರು ಪಟ್ಟಿಯನ್ನು ಸೂತ್ರದೊಡನೆ ಹೋಲಿಸಿನೋಡಬೇಕು. ಎರಡನೆಯ ದಿನ 830 ಮೀಟರಿನ ಜಿಗಿತವಿದೆ. ಈ ಸಾಲವನ್ನು ನಾಮ್ಚೆಯ ಎರಡನೆಯ ರಾತ್ರಿ ತೀರಿಸುತ್ತದೆ. ಐದನೆಯ, ಏಳನೆಯ ದಿನಗಳಲ್ಲಿಯೂ ಮಿತಿ ತುಸು ಮೀರಿದೆ. ಅಲ್ಲಿಯೂ ಎರಡೆರಡು ರಾತ್ರಿಗಳಿವೆ. ಲೊಬುಚೆಗೆ ಹೋಗಿ ಬರುವುದು ಶಿಖರದ ದಾರಿಯಲ್ಲವೆಂದು ಕೆಲವರು ಅದನ್ನು ಕೈಬಿಡುತ್ತಾರೆ. ನಾಲ್ಕೈದು ಸಾವಿರ ಮೀಟರುಗಳ ನಡುವೆ ಕಳೆದ ಆ ದಿನಗಳೇ ಶಿಖರದ ದಿನ ಉಸಿರಾಗಿ ಹಿಂದಕ್ಕೆ ಬರುತ್ತವೆ. ಕೊನೆಯ ಕಾದಿರಿಸಿದ ದಿನಗಳು ಹವೆಗಾಗಿ, ಕಾಯಿಲೆಗಾಗಿ. ಅವು ಬಳಕೆಯಾಗದಿದ್ದರೆ ನಷ್ಟವಾಯಿತೆಂದು ಕೊರಗಬೇಕಾಗಿಲ್ಲ.

ಆರೋಹಣಕ್ಕೆ ಯೋಗ್ಯವಾದ ಕಾಲ ಏಪ್ರಿಲ್–ಮೇ, ಇಲ್ಲವೆ ಅಕ್ಟೋಬರ್–ನವೆಂಬರ್. ನಮ್ಮವರಿಗೆ ನೇಪಾಳಕ್ಕೆ ವೀಸಾ ಬೇಡ. ಪಾಸ್‌ಪೋರ್ಟು ಅಥವಾ ಚುನಾವಣಾ ಗುರುತಿನ ಚೀಟಿ ಸಾಕು. ಮಂಗಳೂರಿನಿಂದ ಹೋಗಿಬರುವ ದಿನಗಳನ್ನೂ ಕೂಡಿಸಿದರೆ ಮೂರು ವಾರಗಳಿಗೆ ಮಿಕ್ಕಿ ಕಾಲ ಬೇಕು. ಕಾಲೇಜಿನ ರಜೆ ಎರಡೇ ವಾರವಿದ್ದರೆ ಏನು ಮಾಡಬೇಕು? ಪಟ್ಟಿಯನ್ನು ಕತ್ತರಿಸಬಾರದು, ಪರ್ವತವನ್ನು ಬದಲಿಸಬೇಕು. ಉತ್ತರಾಖಂಡದ ಕೇದಾರಕಾಂಠದಂಥ, ಸುಮಾರು 3,800 ಮೀಟರಿನ ಶಿಖರವೂ ಹಿಮವನ್ನು ತೋರಿಸುತ್ತದೆ, ಎತ್ತರದ ಮೊದಲ ಪಾಠವನ್ನು ಕಲಿಸುತ್ತದೆ.

ಅನ್ನ, ಬಿಸಿಲು, ಚಳಿ

ಒತ್ತಡ ತಗ್ಗಿದಂತೆ ನೀರು ಕುದಿಯುವ ಉಷ್ಣತೆಯೂ ತಗ್ಗುತ್ತದೆ. ತಳಶಿಬಿರದಲ್ಲಿ ನೀರು 83 ಡಿಗ್ರಿಗೇ ಕುದಿಯುತ್ತದೆ. ನಮ್ಮ ಕುಚ್ಚಲಕ್ಕಿಯನ್ನು ಅಲ್ಲಿ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅನ್ನ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಪ್ರೆಷರ್ ಕುಕ್ಕರು ಬೇಕೇ ಬೇಕು. ಉಷ್ಣತೆಯು ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಇಳಿಯುವುದರಿಂದ ತುದಿ ಕಡಲ ಮಟ್ಟಕ್ಕಿಂತ ಸುಮಾರು 40 ಡಿಗ್ರಿ ತಂಪು. ಹೊಸ ಹಿಮವು ಬೆಳಕಿನ ಐದರಲ್ಲಿ ನಾಲ್ಕು ಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ; ಕಪ್ಪು ಕನ್ನಡಕವಿಲ್ಲದ ಕಣ್ಣು ಒಂದೇ ಹಗಲಿನಲ್ಲಿ ಹಿಮಾಂಧತೆಗೆ ಗುರಿಯಾಗುತ್ತದೆ. ಒಣಗಾಳಿಯಲ್ಲಿ ಪ್ರತಿ ಉಸಿರಿನೊಡನೆ ನೀರು ಹೊರಹೋಗುವುದರಿಂದ ಬಾಯಾರದಿದ್ದರೂ ಕುಡಿಯುತ್ತಿರಬೇಕು.

ಶಿಖರದ ದಿನ

ಈ ದಿನದ ಲೆಕ್ಕವನ್ನು ಮೊದಲೇ ಕಾಗದದ ಮೇಲೆ ಮಾಡಬೇಕು. ಕುಮಾರಪರ್ವತದಲ್ಲಿ ಗಂಟೆಗೆ 300 ಮೀಟರು ಏರುವವನು ಇಲ್ಲಿ ಅದರ ಅರ್ಧವನ್ನೂ ಏರಲಾರನೆಂದು ಭಾವಿಸುವುದೇ ಕ್ಷೇಮ. ಗಂಟೆಗೆ 130 ಮೀಟರು ಎಂದಿಟ್ಟುಕೊಂಡರೆ 1,070 ಮೀಟರಿಗೆ ಎಂಟು ಗಂಟೆಗಳಿಗಿಂತ ಹೆಚ್ಚು ಬೇಕು. ರಾತ್ರಿ ಒಂದು ಗಂಟೆಗೆ ಹೊರಟವನು ತುದಿ ಸೇರುವಾಗ ಬೆಳಿಗ್ಗೆ ಒಂಬತ್ತು ದಾಟಿರುತ್ತದೆ. ರಾತ್ರಿಯೇ ಏಕೆ ಹೊರಡಬೇಕು? ಇರುಳಿನ ಚಳಿಯಲ್ಲಿ ಹಿಮ ಗಟ್ಟಿಯಾಗಿ ಕಲ್ಲುಗಳನ್ನು ಬಿಗಿಹಿಡಿದಿರುತ್ತದೆ. ಬಿಸಿಲೇರಿದಂತೆ ಹಿಮ ಮೆತ್ತಗಾಗುತ್ತದೆ, ಕಲ್ಲು ಸಡಿಲುತ್ತದೆ, ಹಿಮನದಿಯ ಬಿರುಕುಗಳ ಮೇಲಣ ಹಿಮದ ಸೇತುವೆಗಳು ದುರ್ಬಲವಾಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯುತ್ತದೆ. ಆದುದರಿಂದ, ಎಲ್ಲಿಯೇ ಇರಲಿ, ಇಷ್ಟು ಗಂಟೆಗೆ ಹಿಂದಿರುಗತಕ್ಕದ್ದು ಎಂಬ ಕಟ್ಟಳೆ ಮೊದಲೇ ಆಗಿರಬೇಕು. ನಮ್ಮ ಲೆಕ್ಕದಲ್ಲಿ ಅದು ಬೆಳಿಗ್ಗೆ ಹತ್ತೂವರೆ ಗಂಟೆ.

ಮಾರ್ಗದರ್ಶಿಯ ಮಾತು

ಬೂಟಿಗೆ ಕಟ್ಟುವ ಕ್ರ್ಯಾಂಪಾನೆಂಬ ಮುಳ್ಳಿನ ಚೌಕಟ್ಟು, ಹಿಮಗೊಡಲಿ, ಹಗ್ಗ, ಶಿರಸ್ತ್ರಾಣ ಇವನ್ನೆಲ್ಲ ಬಾಡಿಗೆಗೆ ಪಡೆಯಬಹುದು. ಮಾರ್ಗದರ್ಶಿಯ ಆಯ್ಕೆಯಲ್ಲಿ ಮಾತ್ರ ಅಗ್ಗವನ್ನು ಹುಡುಕಬಾರದು. ಸಂಸ್ಥೆಯನ್ನು ಆರಿಸುವ ಮುನ್ನ ಕೆಲವು ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಬೇಕು. ಮಾರ್ಗದರ್ಶಿ ಶಿಕ್ಷಣ ಪಡೆದವನೆ? ಶಿಖರದ ದಿನ ಒಬ್ಬ ಮಾರ್ಗದರ್ಶಿಗೆ ಎಷ್ಟು ಮಂದಿ ಆರೋಹಿಗಳು? ಕಾದಿರಿಸಿದ ದಿನಗಳು ಒಪ್ಪಂದದಲ್ಲಿ ಸೇರಿವೆಯೆ? ತಳಶಿಬಿರದಲ್ಲಿ ಆಮ್ಲಜನಕವಿದೆಯೆ? ಹೊರೆಯಾಳುಗಳಿಗೆ ವಿಮೆ ಮತ್ತು ಬೆಚ್ಚನೆಯ ಉಡುಪು ಇವೆಯೆ? ಆರೋಹಿಯೂ ಆ ಎತ್ತರದಲ್ಲಿ ಹೆಲಿಕಾಪ್ಟರಿನ ರಕ್ಷಣೆಯ ವೆಚ್ಚವನ್ನು ಭರಿಸುವ ವಿಮೆ ಮಾಡಿಸಿರಬೇಕು. ಹನ್ನೆರಡೇ ದಿನದಲ್ಲಿ ಶಿಖರ ಮುಟ್ಟಿಸಿ ತರುವೆವೆಂದು ಹೇಳುವವರು ಮೇಲಿನ ಸೂತ್ರವನ್ನು ಎಲ್ಲಿ ಮುರಿಯುತ್ತಾರೆಂದು ಲೆಕ್ಕಹಾಕಿ ನೋಡಿ. ಉತ್ತರ ನಿಮಗೇ ದೊರೆಯುತ್ತದೆ.

ಒಳ್ಳೆಯ ಮಾರ್ಗದರ್ಶಿ ದಾರಿಯನ್ನು ಬಲ್ಲ, ಹಗ್ಗ ಕಟ್ಟುತ್ತಾನೆ, ಮೋಡದ ಬಣ್ಣ ನೋಡಿ ಹವೆಯನ್ನು ಊಹಿಸುತ್ತಾನೆ, ಬಳಲಿದವನ ಹೊರೆಯನ್ನೂ ಹೊರುತ್ತಾನೆ. ಆದರೆ ಇನ್ನೊಬ್ಬನ ಪರವಾಗಿ ಉಸಿರಾಡುವುದು ಯಾವ ಶೆರ್ಪಾನಿಗೂ ಸಾಧ್ಯವಿಲ್ಲ. ಹಾಗೆಯೇ ತಲೆನೋವನ್ನು ಮರೆಮಾಚಿದವನನ್ನು ಕಾಪಾಡುವುದೂ ಅವನಿಗೆ ಕಷ್ಟ. ಇಷ್ಟು ಹಣ ಸುರಿದು, ಇಷ್ಟು ದೂರ ಬಂದು, ಗೆಳೆಯರ ಮುಂದೆ ‘ನನಗೆ ಆಗುತ್ತಿಲ್ಲ’ ಎಂದು ಹೇಳುವುದು ಹರೆಯದವರಿಗೆ ನಾಚಿಕೆಯ ಮಾತಾಗಿ ತೋರುವುದು ಸಹಜ. ಆದುದರಿಂದ ಆ ಮಾತನ್ನು ಸುಲಭಗೊಳಿಸುವ ಏರ್ಪಾಡು ಊರಿನಲ್ಲಿಯೇ ಆಗಬೇಕು. ತಂಡದ ಪ್ರತಿಯೊಬ್ಬರೂ ದಿನಕ್ಕೆ ಎರಡು ಬಾರಿ ತಮ್ಮ ಲಕ್ಷಣಗಳನ್ನು ನೋಟುಪುಸ್ತಕದಲ್ಲಿ ಬರೆಯಲಿ, ಒಬ್ಬರದನ್ನು ಇನ್ನೊಬ್ಬರು ಓದಲಿ. ಹಿಂದಿರುಗೋಣವೆಂದು ಮಾರ್ಗದರ್ಶಿ ಹೇಳಿದರೆ ಅದಕ್ಕೆ ಎದುರಾಡುವಂತಿಲ್ಲವೆಂದು ಎಲ್ಲರೂ ಸಹಿಹಾಕಲಿ. ಮನೆಯ ಹಿರಿಯರಿಗೂ ಆ ಹಾಳೆಯ ಒಂದು ಪ್ರತಿ ಇರಲಿ.

ಪೆರಿಯೆ ತನ್ನ ಬೆಟ್ಟದಿಂದ ತಂದದ್ದು ಒಂದು ಅಂಕಿಯನ್ನು. ಆ ಅಂಕಿಯ ಅರ್ಥವನ್ನು ತಿಳಿದು, ಅದಕ್ಕೆ ತಕ್ಕಷ್ಟು ದಿನಗಳನ್ನು ಕೊಟ್ಟು ಹೊರಟ ತಂಡ ತುದಿಯನ್ನು ಮುಟ್ಟಲಿ, ಮುಟ್ಟದೆ ಮರಳಲಿ, ಒಟ್ಟಿಗೆ ಹೋದವರು ಒಟ್ಟಿಗೇ ಮಂಗಳೂರಿನ ರೈಲುನಿಲ್ದಾಣದಲ್ಲಿ ಇಳಿದರೆ ಆ ಯೋಜನೆ ಸಫಲವಾಯಿತೆಂದೇ ನಾವು ತಿಳಿಯಬೇಕು.